ಸೈರನ್ ಗಾಡಿಯ ಒಳಗೆ ಯಾರಿದ್ದಾರೆ?

ಮಕ್ಕಳೇ, ಕಬ್ಬಿನ ಹಂಗಾಮಿನಲ್ಲಿ ಜಮಖಂಡಿ ಕಡೆಯ ರಸ್ತೆ ನೋಡಿದ್ದೀರಾ? ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಸಾಲುಗಟ್ಟಿರುತ್ತವೆ. ಹಿಂದೆ ಸೈರನ್ ಕೂಗಿದರೆ ಎಲ್ಲವೂ ಬದಿಗೆ ಸರಿಯಬೇಕು. 108 ಬಂತು ಎನ್ನುತ್ತೇವೆ. ಅದರೊಳಗೆ ಇರುವವರು ಯಾರು?

ಸಾಮಾನ್ಯವಾಗಿ ಇಬ್ಬರು. ಗಾಡಿ ಓಡಿಸುವವರನ್ನು ಪೈಲಟ್ ಎನ್ನುತ್ತಾರೆ. ಹಿಂದೆ ರೋಗಿಯ ಪಕ್ಕ ಕೂರುವವರು ಇ.ಎಂ.ಟಿ., ಅಂದರೆ ತುರ್ತು ವೈದ್ಯಕೀಯ ತಂತ್ರಜ್ಞರು. ಅವರು ಡಾಕ್ಟರಲ್ಲ. ಆದರೆ ರಕ್ತ ನಿಲ್ಲಿಸುವುದು, ಆಮ್ಲಜನಕ ಕೊಡುವುದು, ಮುರಿದ ಕಾಲಿಗೆ ಪಟ್ಟಿ ಕಟ್ಟುವುದು, ದಾರಿಯಲ್ಲೇ ಹೆರಿಗೆಯಾದರೆ ತಾಯಿ ಮಗುವನ್ನು ನೋಡಿಕೊಳ್ಳುವುದು ಎಲ್ಲ ಅವರ ಕೆಲಸ. ಆಸ್ಪತ್ರೆ ದೂರವಿರುವ ಹಳ್ಳಿಗೆ ಮೊದಲು ಬಂದು ಮುಟ್ಟುವ ಆಸ್ಪತ್ರೆ ಅವರೇ. ಕರ್ನಾಟಕದಲ್ಲಿ ‘ಆರೋಗ್ಯ ಕವಚ 108’ ಶುರುವಾದದ್ದು 2008ರ ನವೆಂಬರಿನಲ್ಲಿ.

ಈ ಕೆಲಸವನ್ನು ಕಲಿಸಿಕೊಡಬಹುದು ಎಂದು ತೋರಿಸಿದವರ ಕಥೆಯೊಂದಿದೆ. ಅಮೆರಿಕದ ಪಿಟ್ಸ್‌ಬರ್ಗ್‌ ನಗರದಲ್ಲಿ ಆಗ ರೋಗಿಗಳನ್ನು ಹೆಚ್ಚಾಗಿ ಪೊಲೀಸ್ ವ್ಯಾನಿನಲ್ಲಿ ಸಾಗಿಸುತ್ತಿದ್ದರು. ಒಳಗೆ ಆರೈಕೆ ಇಲ್ಲ. 1967ರಲ್ಲಿ ‘ಫ್ರೀಡಂ ಹೌಸ್’ ಎಂಬ ಆಂಬುಲೆನ್ಸ್ ಸೇವೆ ಹುಟ್ಟಿತು. ಡಾ. ಪೀಟರ್ ಸಫರ್ ಕಪ್ಪುಜನರ ಬಡ ಕೇರಿಯ ಯುವಕರಿಗೆ ತರಬೇತಿ ರೂಪಿಸಿದರು. ಶಾಲೆ ಮುಗಿಸದವರು, ಕೆಲಸವಿಲ್ಲದವರು ಅವರಲ್ಲಿ ಅನೇಕರು. ಅವರೇ ಜೀವ ಉಳಿಸುವ ನುರಿತ ಕೈಗಳಾದರು.

ಆದರೆ 1975ರಲ್ಲಿ ನಗರಾಡಳಿತ ಸ್ವಂತ ಸೇವೆ ಆರಂಭಿಸಿದಾಗ ಅವರಲ್ಲಿ ಹಲವರಿಗೆ ಜಾಗ ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಸಹಾಯಕರಾಗಿದ್ದು ಫ್ರೀಡಂ ಹೌಸ್ ಸೇರಿದ್ದ ಜಾನ್ ಮೂನ್ ಮಾತ್ರ ಬಿಡದೆ ನಿಂತು, ಮುಂದೆ ಅದೇ ನಗರ ಸೇವೆಯ ಸಹಾಯಕ ಮುಖ್ಯಸ್ಥರಾದರು. ಕಲಿಸಿದರೆ ಸಾಲದು, ಮೇಲೇರಲು ಮೆಟ್ಟಿಲೂ ಬೇಕು ಎಂಬುದು ಈ ಕಥೆಯ ಪಾಠ.

ನಮ್ಮಲ್ಲಿ ಆ ಮೆಟ್ಟಿಲು ಹೇಗಿದೆ? ಪಿಯುಸಿ ಬಳಿಕ ಮೂಲ ತರಬೇತಿ, ಅನುಭವದೊಂದಿಗೆ ಮುಂದಿನ ಹಂತದ ತರಬೇತಿ, ಬೇಕಾದವರಿಗೆ ತುರ್ತು ಚಿಕಿತ್ಸೆಯಲ್ಲಿ ಬಿ.ಎಸ್ಸಿ. ಪದವಿ. ನರ್ಸಿಂಗ್ ಓದಿದವರೂ ಇ.ಎಂ.ಟಿ. ಆಗುತ್ತಾರೆ. ಅನುಭವಿಗಳು ತರಬೇತುದಾರರಾಗಬಹುದು, ಮೇಲ್ವಿಚಾರಕರಾಗಬಹುದು. 2021ರ ಕೇಂದ್ರ ಕಾನೂನೊಂದು ಪ್ಯಾರಾಮೆಡಿಕ್ ಕೆಲಸವನ್ನು ಆರೋಗ್ಯ ವೃತ್ತಿಗಳ ಪಟ್ಟಿಗೆ ಸೇರಿಸಿದೆ. ಇನ್ನು ಹೆಸರು ನೋಂದಣಿ, ಸರಿಯಾದ ಸಂಬಳ, ಬಡ್ತಿ ಎಲ್ಲವೂ ಗಾಡಿಯಲ್ಲಿ ಕೂತವರವರೆಗೆ ತಲುಪಬೇಕು. ರಾತ್ರಿಪಾಳಿ ಮಾಡಿ ದಣಿದವರು ಕೆಲಸ ಬಿಟ್ಟುಹೋದರೆ ನಷ್ಟ ನಮ್ಮದೇ.

ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯ ಹೆಸರು ಕೇಳಿದ್ದೀರಲ್ಲ? 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಕೂಡಿಸಿ, ಬೆವರು ಸುರಿಸಿ ಕೃಷ್ಣಾ ನದಿಗೆ ಬ್ಯಾರೇಜ್ ಕಟ್ಟಿದ ಊರು ಅದು. ಅದೇ ‘ಶ್ರಮಬಿಂದು ಸಾಗರ’. ಅಣೆಕಟ್ಟು ಕಟ್ಟುವುದು ದೊಡ್ಡವರ ಕೆಲಸ ಎಂದು ಅವರು ಕೈಕಟ್ಟಿ ಕೂರಲಿಲ್ಲ. ಆ ನ್ಯಾಮಗೌಡರನ್ನು 2018ರಲ್ಲಿ ರಸ್ತೆ ಅಪಘಾತವೇ ಕಿತ್ತುಕೊಂಡಿತು. ರಸ್ತೆಯ ಮೇಲೆ ಜೀವ ಕಾಯುವ ಕೆಲಸಕ್ಕೂ ಇಂಥ ಊರಿನ ಮಕ್ಕಳೇ ಬೇಕು.

ಅಲ್ಲಿಯವರೆಗೆ ನೀವೇನು ಮಾಡಬಹುದು? 108ಕ್ಕೆ ಕರೆ ಮಾಡಿದಾಗ ಊರು, ಓಣಿ, ಗುಡಿಯೋ ಶಾಲೆಯೋ ಗುರುತು ಹೇಳುವುದನ್ನು ಮನೆಯಲ್ಲಿ ಅಭ್ಯಾಸ ಮಾಡಿ. ನಿಜವಾಗಿ ಕರೆ ಮಾಡಬೇಡಿ, ಆಟದಲ್ಲಿ ಮಾತ್ರ! ಸೈರನ್ ಕೇಳಿದರೆ ಅಪ್ಪನಿಗೆ ಹೇಳಿ: ‘ಗಾಡಿ ಬದಿಗೆ ತಗೋ.’