ಸಮುದ್ರ ಸೇರುವ ನೀರು ವ್ಯರ್ಥವೇ?

‘ಸಮುದ್ರಕ್ಕೆ ಹರಿದು ವ್ಯರ್ಥವಾಗುವ ನೀರು’ ಎಂಬ ಮಾತು ನಮ್ಮ ನೀರಾವರಿ ಚರ್ಚೆಗಳಲ್ಲಿ ಸಲೀಸಾಗಿ ಬಳಕೆಯಾಗುತ್ತದೆ. ನೇತ್ರಾವತಿಯ ಮೇಲ್ಭಾಗದ ಹಳ್ಳಗಳಿಂದ 24.01 ಟಿಎಂಸಿ ಅಡಿ ನೀರನ್ನು ಪೂರ್ವಕ್ಕೆ ತಿರುಗಿಸುವ ಎತ್ತಿನಹೊಳೆ ಯೋಜನೆಯ ಬೆನ್ನಿಗೂ ಇದೇ ತರ್ಕವಿದೆ. ಅದರ ಮೊದಲ ಹಂತ 2024ರಲ್ಲಿ ಉದ್ಘಾಟನೆಗೊಂಡಿದೆ. ಈ ತರ್ಕವನ್ನು ನಾನು ಒಪ್ಪಲಾರೆ.

ನದಿ ಕಡಲಿಗೆ ಒಯ್ಯುವುದು ನೀರನ್ನಷ್ಟೇ ಅಲ್ಲ. ಕಾಡಿನ ತರಗೆಲೆಗಳು ಕೊಳೆತು ಉಂಟಾದ ಜೈವಿಕ ವಸ್ತು ಮಳೆನೀರಿನಲ್ಲಿ ಕರಗಿ, ಚಹಾದ ಕಂದು ಬಣ್ಣ ತಳೆದು ಅಳಿವೆಯನ್ನು ಸೇರುತ್ತದೆ. ಅದು ನೇರಳಾತೀತ ಕಿರಣಗಳನ್ನೂ ನೀಲಿ ಬೆಳಕನ್ನೂ ಹೀರಿಕೊಳ್ಳುತ್ತದೆ. ಹೀಗೆ ಸೂಕ್ಷ್ಮಜೀವಿಗಳನ್ನು ಕಾಯುವ ಈ ವಸ್ತುವೇ, ಮೀನಿನ ಆಹಾರಸರಪಳಿಗೆ ಆಧಾರವಾದ ಸಸ್ಯಪ್ಲವಕಗಳಿಗೆ ದಕ್ಕುವ ಬೆಳಕನ್ನೂ ನಿರ್ಧರಿಸುತ್ತದೆ. ನದಿಯ ಹರಿವು ತಗ್ಗಿ ಉಪ್ಪಿನಂಶ ಏರಿದಂತೆ ಅದರ ಪ್ರಮಾಣ ಸಾಮಾನ್ಯವಾಗಿ ಕುಗ್ಗುತ್ತದೆ.

ಇದು ಮೀನುಗಾರರ ಅನ್ನದ ಪ್ರಶ್ನೆಯೂ ಹೌದು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮೀನು ಸಿಗಬಹುದಾದ ತಾಣಗಳನ್ನು ಸೂಚಿಸುವುದು ಉಪಗ್ರಹಗಳು ಗುರುತಿಸುವ ಕಡಲ ತಾಪ ಹಾಗೂ ಪತ್ರಹರಿತ್ತಿನ ಆಧಾರದ ಮೇಲೆ. ಪತ್ರಹರಿತ್ತೂ ನೀಲಿ ಬೆಳಕನ್ನು ಹೀರುವುದರಿಂದ, ಅಳಿವೆಯ ಕಂದು ನೀರನ್ನು ಉಪಗ್ರಹ ಪತ್ರಹರಿತ್ತೆಂದು ಎಣಿಸುವ ಅಪಾಯವಿದೆ. 2022ರಲ್ಲಿ ಉಡಾವಣೆಗೊಂಡ ಓಷನ್‌ಸ್ಯಾಟ್-3 ಕಡಲ ಬಣ್ಣವನ್ನು 13 ತರಂಗಪಟ್ಟಿಗಳಲ್ಲಿ ಅಳೆಯುತ್ತದೆ. ಆದರೂ ಅದರ ಲೆಕ್ಕವನ್ನು ತಾಳೆ ನೋಡಲು ನೀರಿನ ಮಾದರಿಗಳು ಬೇಕೇ ಬೇಕು.

ಬಯಲುಸೀಮೆಯ ಬಾಯಾರಿಕೆ ನಿಜ. ಅದನ್ನು ಯಾರೂ ಅಲ್ಲಗಳೆಯಬಾರದು. ಆದರೆ ತಿರುಗಿಸಿದ ನೀರಿನ ಲೆಕ್ಕವಿಡುವ ಸರ್ಕಾರ, ಕಡಲಲ್ಲಾಗುವ ಬದಲಾವಣೆಯ ಲೆಕ್ಕವನ್ನೂ ಇಡಬೇಕು. ನೇತ್ರಾವತಿಯ ಅಳಿವೆಯಲ್ಲಿ ಹರಿವು, ಉಪ್ಪಿನಂಶ, ಕಂದು ವಸ್ತು ಈ ಮೂರನ್ನೂ ವರ್ಷವಿಡೀ ಅಳೆದು, ಫಲಿತಾಂಶವನ್ನು ಜನರ ಮುಂದಿಡಬೇಕು. ಅಳತೆಯನ್ನೇ ಮಾಡದೆ ‘ವ್ಯರ್ಥ’ವೆಂದು ತೀರ್ಪು ನೀಡುವುದು ವಿವೇಕವಲ್ಲ.