ಕೋಳಿ ಸಾಕೋರು ಹಂಗಿಸ್ಕೊಂಡು ಕೂತ್ರೆ ಲಾಭ ರೋಗಕ್ಕೆ

ಈ ಸಲ ರಾಗಿ, ಹುರುಳಿ ಬಿಟ್ಟು ಕೋಳಿ ವಿಷಯ ಬರೀತಾ ಇದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಾದಾಗ ಓದಿ.

ನಮ್ಮ ಕಡೆ ಹಿತ್ತಲಲ್ಲಿ ಹತ್ತು-ಇಪ್ಪತ್ತು ಕೋಳಿ ಸಾಕೋರಲ್ಲೂ ಈಗ ಪಕ್ಷಗಳಾಗಿವೆ. ನಾಟಿಯೋರು ಗಿರಿರಾಜ ನೋಡಿ "ಇದು ಫಾರಂ ಕೋಳಿಗೆ ಬಣ್ಣ ಬಳಿದಂಗಿದೆ" ಅಂತಾರೆ. ಗಿರಿರಾಜದೋರು "ನಿನ್ನ ನಾಟಿ ಮೊಟ್ಟೆ ಇಡೋದು ಯಾವಾಗ, ತಿನ್ನೋದು ಯಾವಾಗ" ಅಂತಾರೆ. ಲಸಿಕೆ ಹಾಕಿಸೋರ ಕಣ್ಣಿಗೆ ಮನೆಮದ್ದಿನೋರು ದಡ್ಡರು. ಮನೆಮದ್ದಿನೋರ ಕಣ್ಣಿಗೆ ಲಸಿಕೆಯೋರು ಔಷಧಿ ಕಂಪನಿ ಕಡೆಯೋರು. ಟೀ ಅಂಗಡಿಯಿಂದ ಡೈರಿ ತನಕ ಇದೇ ಮಾತು.

ನಾನು ಹೇಳೋದು ಇಷ್ಟೆ. ಇದರಲ್ಲಿ ಅರ್ಧ ಜಗಳ ಬೇಡದ್ದು. ಅವರವರ ಜಾಗಕ್ಕೆ ಅವರವರ ಕೋಳಿ ಸರಿ. ಗಿರಿರಾಜ ಹೊರಗಿಂದ ಬಂದದ್ದೇನಲ್ಲ, ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದೋರು ಹಿತ್ತಲಲ್ಲಿ ಸಾಕೋಕೆ ಅಂತಲೇ ಮಾಡಿದ ತಳಿ. ಬೇಗ ತೂಕ ಬರುತ್ತೆ, ಮೊಟ್ಟೆ ನಾಟಿಯ ಎರಡರಷ್ಟಾದರೂ ಇಡುತ್ತೆ. ಆದ್ರೆ ಮೈಭಾರ. ಹದ್ದು, ಮುಂಗುಸಿ ಬಂದ್ರೆ ಹಾರಿ ತಪ್ಪಿಸ್ಕೊಳ್ಳಲ್ಲ. ಬೇಲಿ ಇರೋ ಹಿತ್ತಲಿಗೆ ಅದು ಸರಿ. ತೋಟದ ಮನೆಯಲ್ಲಿ ಕೋಳಿ ಬಿಟ್ಟು ಹೊಲಕ್ಕೆ ಹೋಗೋರಿಗೆ ನಾಟಿನೇ ಸರಿ.

ಇನ್ನೊಂದು ನೋಡಿ. ಗಿರಿರಾಜ ಕಾವಿಗೆ ಕೂರೋದಿಲ್ಲ. ಅದರ ಮೊಟ್ಟೆ ಮರಿ ಆಗ್ಬೇಕು ಅಂದ್ರೆ ಮೆಷಿನ್ ಬೇಕು, ಇಲ್ಲಾ ನಾಟಿ ಹ್ಯಾಟೆ ಬೇಕು. 21 ದಿನ ಕಾವಿಗೆ ಕೂತು ಮರಿ ಎಬ್ಬಿಸೋದು ಅವರು ಹಂಗಿಸೋ ಆ ನಾಟಿನೇ! ಕೋಳಿಗಳೇ ಹೊಂದ್ಕೊಂಡಿರುವಾಗ ಸಾಕೋರಿಗೇನು ಬಂತು?

ಈಗ ಮುಖ್ಯ ವಿಷಯ, ಕೊಕ್ಕರೆ ರೋಗ. ಡಾಕ್ಟ್ರು ರಾಣಿಖೇತ್ ಅಂತಾರಲ್ಲ, ಅದೇ. ತೂಕಡಿಸುತ್ತೆ, ಹಸಿರು-ಬಿಳಿ ಪಿಚ್ಚಿಕೆ, ಬಾಯಿ ಬಿಟ್ಟು ಉಸಿರಾಡುತ್ತೆ, ಕತ್ತು ತಿರುಚ್ಕೊಳ್ಳುತ್ತೆ. ಬಂದ ಮೇಲೆ ಔಷಧಿ ಇಲ್ಲ. ಇದು ಒಂದು ಮನೆಗೆ ಬಂದಾಗ ಆ ಮನೆಯೋರು ಬಾಯಿ ಬಿಟ್ಟು ಹೇಳಿದ್ರೆ ಮಾತ್ರ ಪಕ್ಕದ ಹಟ್ಟಿಯೋರು ತಮ್ಮ ಕೋಳಿ ಕೂಡಿ ಹಾಕ್ಕೋಬಹುದು. ಆದ್ರೆ ಹೇಳಿದ್ರೆ ಏನಾಗುತ್ತೆ? "ನಾನಾಗ್ಲೇ ಹೇಳಿರಲಿಲ್ವಾ, ಅರಿಶಿಣ ಬೆಳ್ಳುಳ್ಳಿ ತಿನ್ಸಿದ್ರೆ ಇಷ್ಟೇ" ಅಂತ ನಾಲ್ಕು ಜನ ನಗ್ತಾರೆ. ನಗಿಸಿಕೊಂಡೋನು ಮುಂದಿನ ಸಲ ಬಾಯಿ ಬಿಡಲ್ಲ. ತೂಕಡಿಸೋ ಕೋಳಿನ ಮಂಕರಿಗೆ ಹಾಕ್ಕೊಂಡು ಸಂತೆಗೆ ಹೋಗ್ತಾನೆ. ಅಲ್ಲಿಂದ ರೋಗ ಹತ್ತು ಊರಿಗೆ. ಕೊನೆಗೆ ನಕ್ಕೋನ ಮನೆಗೂ ಬರುತ್ತೆ. ಸಹನೆ ಅನ್ನೋದು ದೊಡ್ಡೋರ ಭಾಷಣದ ಮಾತಲ್ಲ, ನಮ್ಮ ಕೋಳಿ ಉಳಿಸ್ಕೊಳ್ಳೋ ಉಪಾಯ.

ಹಾಗಂತ ಎಲ್ಲಾನೂ "ಅವರವರ ಇಷ್ಟ" ಅಂತ ಬಿಡೋಕಾಗಲ್ಲ. ಕೋಳಿ ಸಿಡುಬಿನ ಗುಳ್ಳೆಗೆ ಅರಿಶಿಣ, ಬೇವಿನೆಣ್ಣೆ ಹಚ್ಚೋರು ಹಚ್ಚಲಿ, ಅದರಲ್ಲಿ ತಪ್ಪಿಲ್ಲ. ಆದ್ರೆ ಕೊಕ್ಕರೆ ರೋಗ ತಡೆಯೋದು ಲಸಿಕೆ ಒಂದೇ. ಕಾಯಿಲೆ ಕೋಳಿ ಮಾರೋದು, ಸತ್ತದ್ದನ್ನ ಕಾಲುವೆಗೆ ಎಸೆಯೋದು ಅಭಿಪ್ರಾಯ ಭೇದ ಅಲ್ಲ, ಅನ್ಯಾಯ. ಸತ್ತದ್ದನ್ನ ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಇದನ್ನೂ ಹಂಗಿಸದೆ, ಮನೆಗೆ ಹೋಗಿ ಕೂತು ಹೇಳಿ. ಬೈಸ್ಕೊಂಡು ಕಲಿತೋನನ್ನ ನಾನಂತೂ ಕಂಡಿಲ್ಲ.

ಲಸಿಕೆಯೂ ಒಬ್ಬರ ಕೈಲಿ ಆಗೋ ಕೆಲಸ ಅಲ್ಲ. ಬಾಟ್ಲಿ ಬರೋದೇ 100 ಕೋಳಿ ಲೆಕ್ಕಕ್ಕೆ, ಐಸ್‌ನಲ್ಲಿಟ್ಟು ತರಬೇಕು, ಕಲೆಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಕೋಳಿ ಇರೋನು ಒಬ್ಬನೇ ತಂದ್ರೆ ಮಿಕ್ಕಿದ್ದು ಮಣ್ಣಿಗೆ. ಎಂಟು-ಹತ್ತು ಮನೆ ಸೇರಿದ್ರೆ ಒಂದು ಬಾಟ್ಲಿ, ಒಂದು ಬೆಳಗ್ಗೆ. ನಾಟಿ, ಗಿರಿರಾಜ ಎರಡಕ್ಕೂ ಅದೇ ಲಸಿಕೆ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿ, ಸುಮಾರು 8 ವಾರಕ್ಕೆ ಚುಚ್ಚುಮದ್ದು. ನೆನಪಿರಲಿ, ಆರೋಗ್ಯವಾಗಿರೋ ಕೋಳಿಗೆ ಮಾತ್ರ.

ಇನ್ನು ಹೆಣ್ಮಕ್ಕಳ ಮಾತು. ಕೋಳಿ ಬಗ್ಗೆ ಜಗಳ ಆಡೋರು ನಾವು ಗಂಡಸರು, ಸಾಕೋರು ಅವರು. ಯಾವ ಹ್ಯಾಟೆ ಮೊಟ್ಟೆ ಒಡೆಯುತ್ತೆ, ಯಾವುದು ಕಾವಿಗೆ ನಂಬಿಕಸ್ತ, ಯಾವುದು ಇವತ್ತು ಮಂಕಾಗಿದೆ, ಎಲ್ಲಾ ಮೊದಲು ಗೊತ್ತಾಗೋದು ಅವರಿಗೆ. ವಾದ ಮಾಡೋ ಮುಂಚೆ ಮನೆಯಲ್ಲಿ ಒಂದು ಮಾತು ಕೇಳಿ.

ಬೇಸಿಗೆ ಹತ್ತಿರ ಬರ್ತಾ ಇದೆ. ನಮ್ಮೂರು, ಪಕ್ಕದೂರಿನೋರು ನಿಮ್ಮ ಹತ್ರ ಎಷ್ಟು ಕೋಳಿ ಇದೆ ಅಂತ ಕೆಳಗೆ ಬರೀರಿ. 100 ಆದ ತಕ್ಷಣ ಪಶು ಆಸ್ಪತ್ರೆಯಲ್ಲಿ ಮಾತಾಡಿ ದಿನ ಗೊತ್ತು ಮಾಡೋಣ. ಯಾವ ತಳಿ ಅಂತ ಬರೆಯೋದು ಬೇಡ, ಲೆಕ್ಕ ಸಾಕು.