ವಾಚಿಗೆ ಕಾಣುವ ನಡಿಗೆ, ಕಾಣದ ಸುಸ್ತು

ಡಾಕ್ಟರ ಎದುರಿಗೆ ಹತ್ತು ಮೀಟರ್ ನಡೆದು ತೋರಿಸಿ ಎಂದರೆ ಪಾರ್ಕಿನ್ಸನ್ ರೋಗಿ ಮೈಯೆಲ್ಲ ಎಚ್ಚರವಾಗಿ, ಬೆನ್ನು ನೆಟ್ಟಗೆ ಮಾಡಿಕೊಂಡು ಹೆಜ್ಜೆ ಹಾಕುತ್ತಾರೆ. ಅದೇ ವ್ಯಕ್ತಿ ಮನೆಯಲ್ಲಿ ಕಾಫಿ ಲೋಟ ಹಿಡಿದು ಅಡುಗೆಮನೆಯಿಂದ ಹೊರಟರೆ ಹೊಸ್ತಿಲ ಬಳಿ ಪಾದಗಳು ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಡುತ್ತವೆ. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ವಿವರಿಸಿದ ಆರು ರೋಗಿಗಳಲ್ಲಿ ಕೆಲವರನ್ನು ಅವರು ಕಂಡದ್ದೂ ಬೀದಿಯಲ್ಲೇ. ಇಂದು ಆ ಬೀದಿಯ ನೋಟವನ್ನು ನಮಗೆ ಮರಳಿ ಕೊಡುತ್ತಿರುವುದು ಮಣಿಕಟ್ಟಿಗೋ ಸೊಂಟಕ್ಕೋ ಕಟ್ಟುವ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಸೆನ್ಸರ್.

ಅದರ ಶಕ್ತಿ ಸಣ್ಣದಲ್ಲ. ಯುಕೆ ಬಯೋಬ್ಯಾಂಕ್ ಯೋಜನೆಯಲ್ಲಿ 2013–15ರ ನಡುವೆ ಒಂದು ಲಕ್ಷಕ್ಕೂ ಹೆಚ್ಚು ಜನ ಏಳು ದಿನ ಇಂಥ ಸೆನ್ಸರ್ ಕಟ್ಟಿಕೊಂಡಿದ್ದರು. ಮುಂದೆ ಪಾರ್ಕಿನ್ಸನ್ ಬಂದವರ ಚಲನೆ, ರೋಗ ಪತ್ತೆಯಾಗುವ ಏಳು ವರ್ಷಗಳವರೆಗೆ ಮೊದಲೇ ನಿಧಾನವಾಗಿತ್ತು ಎಂಬುದು ಆ ದಾಖಲೆಗಳನ್ನು ಪರಿಶೀಲಿಸಿ 2023ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿಯಿತು.

ಆದರೆ ಸುಸ್ತಿನ ಮಾತು ಬೇರೆ. ಈ ರೋಗದ ಸುಸ್ತು ನಿದ್ದೆಯಿಂದ ಹೋಗುವಂಥದ್ದಲ್ಲ, ದುಡಿದ ಮೇಲೆ ಬರುವಂಥದ್ದೂ ಅಲ್ಲ. ಕೈ ನಡುಗಿದರೆ ಎಲ್ಲರಿಗೂ ಕಾಣುತ್ತದೆ. ಸುಸ್ತನ್ನು ಮನೆಯವರೇ ಸೋಮಾರಿತನ ಅಂದುಕೊಳ್ಳುತ್ತಾರೆ. ಹೆಜ್ಜೆ ಕಡಿಮೆಯಾದದ್ದನ್ನು ಸೆನ್ಸರ್ ಹೇಳಬಲ್ಲದು, ಕಾರಣ ಹೇಳಲಾರದು. ಬೀಳುವ ಭಯವಿರಬಹುದು, ಈ ರೋಗಕ್ಕೆ ಕೊಡುವ ಲೆವೊಡೋಪಾ ಮಾತ್ರೆಯ ಪರಿಣಾಮ ಇಳಿದಿರಬಹುದು, ಜೊತೆಗೆ ಬರುವವರು ಇಲ್ಲದಿರಬಹುದು. ಎಣಿಕೆಯನ್ನೂ ಪೂರ್ತಿ ನಂಬುವಂತಿಲ್ಲ: ವಾಕರ್ ಹಿಡಿದವರ ಕೈ ಬೀಸುವುದಿಲ್ಲ, ಹಾಗಾಗಿ ಮಣಿಕಟ್ಟಿನ ವಾಚು ಎಷ್ಟೋ ಹೆಜ್ಜೆಗಳನ್ನು ಬಿಟ್ಟುಬಿಡುತ್ತದೆ. ಅದಕ್ಕೇ ನಡಿಗೆಯ ಅಧ್ಯಯನಗಳಲ್ಲಿ ಸೆನ್ಸರನ್ನು ಸೊಂಟದ ಹಿಂಬದಿಗೆ ಹಾಕುವುದುಂಟು.

ನನ್ನ ಆತಂಕವಿರುವುದು ಇಲ್ಲಿ. ಗ್ರಾಫ್ ಕೈಗೆ ಸಿಕ್ಕಿತೆಂದರೆ ರೋಗಿಯ ಮಾತಿಗೆ ಬೆಲೆ ಇಳಿದುಬಿಡುತ್ತದೆ. “ನಿನ್ನೆ ಚೆನ್ನಾಗೇ ನಡೆದಿದೀರಲ್ಲ, ವಾಚೇ ಹೇಳ್ತಿದೆ” ಎಂದವರಿಗೆ ಆಕೆ ಏನೆಂದು ಉತ್ತರ ಕೊಡಬೇಕು? ತಿಂಗಳಿಗೊಮ್ಮೆ ಪ್ರಶ್ನಾವಳಿ ತುಂಬಿಸಿದರೂ ಸಾಲದು. ಸುಸ್ತು ಗಂಟೆಗಂಟೆಗೆ ಏರಿಳಿಯುತ್ತದೆ. ಸೆನ್ಸರ್ ಕಟ್ಟಿದ ದಿನಗಳಲ್ಲಿ ನಾಲ್ಕಾರು ಸಲ ಆಕೆಯನ್ನೇ ಕೇಳಬೇಕು: ಈಗ ಸುಸ್ತು ಹತ್ತಕ್ಕೆ ಎಷ್ಟು? ಮಾತ್ರೆ ನುಂಗಿದ್ದು ಎಷ್ಟು ಹೊತ್ತಿಗೆ? ಉತ್ತರವನ್ನು ಆ ಹೊತ್ತಿನ ನಡಿಗೆಯ ಪಕ್ಕದಲ್ಲೇ ಬರೆಯಬೇಕು. ಬಚ್ಚಲಿಗೆ ಹೋಗಿಬರಲು ಇಪ್ಪತ್ತೇ ಹೆಜ್ಜೆ ಎಂದು ಸೆನ್ಸರ್ ತೋರಿಸಿದ ಕಡೆ, ಸ್ನಾನ ಮುಗಿಸಿ ಸೀರೆ ಉಟ್ಟು ಮಂಚದ ಅಂಚಿಗೆ ಕೂತವಳು “ಒಂಬತ್ತು” ಎಂದದ್ದೂ ದಾಖಲಾಗಲಿ.